ನೀಲಿ, ಹಾಲುಬಣ್ಣ, ಹಳದಿ: ಮನೆ ಭಟ್ಟಿಯಿಂದ ಇಳಿದದ್ದು ತಿಳಿಯಾಗಿಲ್ಲ ಏಕೆ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆಯ ಸಣ್ಣ ಕಾಫಿ ತೋಟ. ಅಟ್ಟದ ಮೇಲೆ ಅಜ್ಜನ ಕಾಲದ ತಾಮ್ರದ ಭಟ್ಟಿ ಬಿದ್ದಿತ್ತು. ಮಳೆಗಾಲ ಮುಗಿದ ಮೇಲೆ ಇಳಿಸಿ ತೊಳೆದು, ಸುರುಳಿ ಕೊಳವೆ ಸೋರುತ್ತಿದ್ದ ಕಡೆ ಪೇಟೆಯ ರೇಡಿಯೇಟರ್ ರಿಪೇರಿಯವರಿಂದ ಬೆಸುಗೆ ಹಾಕಿಸಿದೆ. ಬೆಲ್ಲ, ಕಳಿತ ಬಾಳೆಹಣ್ಣಿನ ಕೊಳೆಯಿಂದ (ಹುದುಗಲು ಬಿಟ್ಟ ರಸದಿಂದ) ಮೂರು ಸಲ ಇಳಿಸಿದ್ದೇನೆ. ಮೊದಲನೆಯದಕ್ಕೆ ಯಾರೋ ಹೇಳಿದರೆಂದು ಸ್ವಲ್ಪ ಯೂರಿಯಾ ಹಾಕಿದ್ದೆ, ಅದು ನೀಲಿಯಾಗಿ ಬಂತು. ಎರಡನೆಯದರಲ್ಲಿ ಕಿತ್ತಳೆ ಸಿಪ್ಪೆ ಇತ್ತು. ಇಳಿಯುವಾಗ ತಿಳಿಯಾಗಿದ್ದದ್ದು ಬೋರ್‌ವೆಲ್ ನೀರು ಬೆರೆಸಿದ ಕೂಡಲೇ ಹಾಲಿನಂತಾಯಿತು. ಮೂರನೆಯದು ಹಳದಿ, ತಳದಲ್ಲಿ ಮಡ್ಡಿ. ಚಿಕ್ಕಪ್ಪ ಕಳೆದ ವಾರ ನೀಲಿಯದನ್ನು ಎರಡು ಗುಟುಕು ಕುಡಿದು, ಬಾಯೆಲ್ಲ ತಾಮ್ರ ಎಂದರು, ಬೇರೇನೂ ಆಗಲಿಲ್ಲ. ಚಮಚದಲ್ಲಿ ಹಚ್ಚಿದರೆ ಮೂರಕ್ಕೂ ನೀಲಿ ಉರಿ ಬರುತ್ತದೆ, ಆದ್ದರಿಂದ ವಿಷ ಇಲ್ಲ ಎನ್ನುತ್ತಾರೆ. ಪಟಿಕ ಹಾಕಿ ತಿಳಿ ಮಾಡಬಹುದೇ? ಮತ್ತೊಮ್ಮೆ ಭಟ್ಟಿ ಇಳಿಸಿದರೆ ಸರಿಹೋಗುತ್ತದೆಯೇ? ಕೊಡಗಿನವರಿಗೆ ಕೋವಿಗೆ ಇರುವ ಹಾಗೆ ಇದಕ್ಕೂ ವಿನಾಯಿತಿ ಇದೆಯಂತೆ, ನಿಜವೇ? ಹುತ್ತರಿಗೆ ನೆಂಟರು ಬರುವವರಿದ್ದಾರೆ.

ಉತ್ತರ: ಮೊದಲು ಕೊನೆಯ ಮಾತಿಗೆ ಬರುತ್ತೇನೆ. ಈ ಮೂರು ಬಾಟಲಿಗಳಲ್ಲಿ ಯಾವುದನ್ನೂ ನೆಂಟರ ಮುಂದೆ ಇಡಬೇಡಿ, ನೀವೂ ಕುಡಿಯಬೇಡಿ. ಬಣ್ಣ ಕೆಟ್ಟಿದೆ ಎಂಬುದಲ್ಲ ಇದಕ್ಕೆ ಮುಖ್ಯ ಕಾರಣ. ನಿಮ್ಮ ಪತ್ರದಲ್ಲಿ ನನ್ನನ್ನು ನಿಲ್ಲಿಸಿದ ಪದ ‘ರೇಡಿಯೇಟರ್ ರಿಪೇರಿ’. ಅದರ ವಿಷಯ ಮುಂದೆ ಹೇಳುತ್ತೇನೆ.

ಚಿಕ್ಕಪ್ಪನ ಬಗ್ಗೆ: ಎರಡು ಗುಟುಕಿಗೆ ಬಾಯಿ ತಾಮ್ರವಾದದ್ದು ಬಿಟ್ಟರೆ ವಾಂತಿ, ಹೊಟ್ಟೆನೋವು ಏನೂ ಆಗದೆ ಇಷ್ಟು ದಿನ ಕಳೆದಿದ್ದರೆ ತಾಮ್ರದ ತಕ್ಷಣದ ತೊಂದರೆ ದಾಟಿದೆ ಎಂದೇ ಅರ್ಥ. ಮತ್ತೆ ರುಚಿ ನೋಡುವುದು ಬೇಡ.

ಕಾನೂನಿನ ಪ್ರಶ್ನೆಯನ್ನೂ ಇಲ್ಲೇ ಮುಗಿಸಿಬಿಡೋಣ. ಕೊಡವರಿಗೂ ಜಮ್ಮಾ ಎಂಬ ಕೊಡಗಿನ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ. ಅದು ಶಸ್ತ್ರಾಸ್ತ್ರ ಕಾಯ್ದೆಗೆ ಸಂಬಂಧಿಸಿದ್ದು. ಮದ್ಯಕ್ಕೆ ಅನ್ವಯಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆ. ಲೈಸೆನ್ಸ್ ಇಲ್ಲದೆ ಮದ್ಯ ಭಟ್ಟಿ ಇಳಿಸುವುದು ಅದರ ಪ್ರಕಾರ ಅಪರಾಧ, ಮನೆಯವರಿಗೆ ಮಾತ್ರ ಎಂದರೂ ಅಪರಾಧವೇ. ಆ ಉದ್ದೇಶಕ್ಕೆಂದು ಭಟ್ಟಿ ಸಾಮಾನು ಇಟ್ಟುಕೊಳ್ಳುವುದೂ ಅದರಲ್ಲೇ ಬರುತ್ತದೆ. 1956ಕ್ಕೆ ಮುಂಚೆ ಕೊಡಗು ಬೇರೆ ರಾಜ್ಯವಾಗಿದ್ದಾಗಿನ ನೆನಪುಗಳನ್ನು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ನೆನಪು ನಿಜವಿರಬಹುದು, ಇಂದಿನ ಕಾನೂನು ಅದಲ್ಲ. ಹಾಗಾಗಿ ಮುಂದಿನ ಸಲ ಚೆನ್ನಾಗಿ ಇಳಿಸುವುದು ಹೇಗೆ ಎಂಬ ಪಾಠ ಇದಲ್ಲ. ನಿಮ್ಮ ಮೂರು ಬಾಟಲಿಗಳಲ್ಲಿ ಏನಾಗಿದೆ, ಅವನ್ನೂ ಪಾತ್ರೆಯನ್ನೂ ಏನು ಮಾಡಬಹುದು ಎಂಬಷ್ಟನ್ನು ಹೇಳುತ್ತೇನೆ.

ಬಣ್ಣ ಎಲ್ಲಿಂದ ಬಂತು

ಡಿಸ್ಟಿಲರಿಯ ಪರೀಕ್ಷಾ ಕೊಠಡಿಯಲ್ಲಿ ಕೆಲಸ ಮಾಡಿದವರಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಬಣ್ಣದ ಮಾದರಿ ಕೈಗೆ ಬಂದರೆ ‘ಇದು ಯಾವ ಬಣ್ಣ’ ಎನ್ನುವುದಕ್ಕಿಂತ ಮೊದಲು ‘ಇದು ಎಲ್ಲಿ ಸೇರಿಕೊಂಡಿತು’ ಎಂದು ಕೇಳುತ್ತೇವೆ. ಕಾರಣ ಸರಳ. ಕುದಿಯುವ ಕೊಳೆಯಿಂದ ಮೇಲೇರುವುದು ಆವಿ ಮಾತ್ರ. ಬೆಲ್ಲದ ಕಂದು, ಹಣ್ಣಿನ ಹಳದಿ, ತಾಮ್ರದ ಲವಣ, ಕಬ್ಬಿಣ, ಸೀಸ ಇವ್ಯಾವುವೂ ಆವಿಯಾಗಿ ಏರುವುದಿಲ್ಲ. ಆವಿ ತಣಿದು ಬಿದ್ದ ಮೊದಲ ಹನಿ ನೀರಿನಷ್ಟೇ ಬಣ್ಣರಹಿತವಾಗಿರಬೇಕು. ಬಣ್ಣ ಕಂಡಿತೆಂದರೆ ಕೊಳೆಯೇ ನೊರೆಯ ಜೊತೆ ಉಕ್ಕಿ ದಾಟಿರಬೇಕು, ಇಲ್ಲವೇ ತಣಿದು ಹರಿಯುವ ದಾರಿಯಲ್ಲಿ ಏನನ್ನೋ ಕರಗಿಸಿಕೊಂಡಿರಬೇಕು, ಅದೂ ಅಲ್ಲದಿದ್ದರೆ ಆಮೇಲೆ ನೀವು ಬೆರೆಸಿದ್ದರಿಂದ, ತುಂಬಿಟ್ಟ ಪಾತ್ರೆಯಿಂದ ಬಂದಿರಬೇಕು. ನಿಮ್ಮ ಅದೃಷ್ಟಕ್ಕೋ ದುರದೃಷ್ಟಕ್ಕೋ, ಮೂರು ಬಾಟಲಿಗಳಲ್ಲಿ ಮೂರಕ್ಕೂ ಒಂದೊಂದು ಉದಾಹರಣೆ ಸಿಕ್ಕಿದೆ.

ನೀಲಿ ಬಾಟಲಿ

ತೋಟದವರಿಗೆ ಈ ಬಣ್ಣ ಗೊತ್ತೇ ಇದೆ. ಬೆಳೆಯ ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ನೆನೆಹಾಕುವ ಮೈಲುತುತ್ತದ ನೀಲಿ ಇದು, ಅಲ್ಲಿ ಇರುವ ತಾಮ್ರವೇ ಇಲ್ಲಿಯೂ ಇದೆ. ಪಾತ್ರೆಯ ಹೊಟ್ಟೆಯೊಳಗಿನ ತಾಮ್ರ ಆವಿಯ ಜೊತೆ ಬರುವುದಿಲ್ಲ ಎಂದೆನಲ್ಲ, ಹಾಗಾಗಿ ಇದು ಬಂದಿರುವುದು ಮುಚ್ಚಳದ ಒಳಮೈ, ಕತ್ತು ಮತ್ತು ಸುರುಳಿ ಕೊಳವೆಯಿಂದ. ಜನ ಪಾತ್ರೆಯ ತಳವನ್ನು ಹುಣಸೆಹಣ್ಣು ಹಚ್ಚಿ ಫಳಫಳ ಹೊಳೆಯುವಂತೆ ತಿಕ್ಕುತ್ತಾರೆ, ಕೈ ಹೋಗದ ಕೊಳವೆಗೆ ಎರಡು ಚೊಂಬು ನೀರು ಸುರಿದು ಸುಮ್ಮನಾಗುತ್ತಾರೆ. ತಿಕ್ಕಬೇಕಾದದ್ದು ಆ ಕೊಳವೆಯನ್ನು. ಕೊಡಗಿನ ಮಳೆಗಾಲದ ಥಂಡಿಯಲ್ಲಿ ವರ್ಷಗಟ್ಟಲೆ ಮಲಗಿದ ತಾಮ್ರದ ಕೊಳವೆಯ ಒಳಗೆ ಕಿಲುಬು ಹಿಡಿಯದೆ ಇರುವುದೇ ಇಲ್ಲ. ಕೊಳೆ ಸ್ವಲ್ಪ ಹೆಚ್ಚು ದಿನ ಕಳೆದು ವಿನೆಗರ್ ಕಡೆಗೆ ತಿರುಗಿದ್ದರೆ ಅಸಿಟಿಕ್ ಆಮ್ಲವೂ ಆವಿಯ ಜೊತೆ ಏರಿ, ಕಿಲುಬನ್ನು ಕರಗಿಸಿ ಬಾಟಲಿಗೆ ಇಳಿಸುತ್ತದೆ.

ನಿಮ್ಮದರಲ್ಲಿ ಎರಡನೆಯ ಅನುಮಾನವೂ ಇದೆ, ಅದು ಯೂರಿಯಾ. ಯೀಸ್ಟ್ ತಿಂದು ಉಳಿದ ಯೂರಿಯಾ ಬಿಸಿಗೆ ಒಡೆದು ಅಮೋನಿಯಾ ಕೊಡಬಲ್ಲದು. ಅಮೋನಿಯಾ ತಾಮ್ರವನ್ನು ಸೇರಿದರೆ ಬರುವ ನೀಲಿ ಗಾಢ, ಶಾಯಿಯ ಹಾಗೆ. ಕಿಲುಬಿನದು ತಿಳಿ, ಸ್ವಲ್ಪ ಹಸಿರು ಮಿಶ್ರಿತ. ಇನ್ನೊಂದು ಗುರುತೂ ಇದೆ. ಕಿಲುಬಿನ ಬಣ್ಣ ಮೊದಲು ಇಳಿದ ಭಾಗದಲ್ಲಿ ಜಾಸ್ತಿ, ಹೋಗ್ತಾ ಹೋಗ್ತಾ ತೆಳುವಾಗುತ್ತದೆ. ಕೊನೆಯವರೆಗೂ ಒಂದೇ ಸಮ ನೀಲಿ ಇಳಿಯಿತು, ಮೂಗಿಗೆ ದನದ ಕೊಟ್ಟಿಗೆಯ ಖಾರ ವಾಸನೆ ಬಡಿಯಿತು ಎಂದರೆ ಅಮೋನಿಯಾ. ಹಳ್ಳಿಗಳಲ್ಲಿ ಕಳ್ಳಭಟ್ಟಿಗೆ ಹಾಕುವ ನವಸಾಗರವೂ ಅಮೋನಿಯದ ಲವಣವೇ. ಯೂರಿಯಾಕ್ಕೆ ಇನ್ನೊಂದು ಕೆಟ್ಟ ಗುಣ ಇದೆ: ಬಿಸಿಯಲ್ಲಿ ಆಲ್ಕೋಹಾಲ್ ಜೊತೆ ಸೇರಿ ಈಥೈಲ್ ಕಾರ್ಬಮೇಟ್ ಎಂಬ ವಸ್ತುವಾಗುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕ ಎಂಬ 2ಎ ಗುಂಪಿನಲ್ಲಿ ಇಟ್ಟಿದೆ. ಗೊಬ್ಬರದ ಚೀಲಕ್ಕೂ ಕೊಳೆಯ ಡ್ರಮ್ಮಿಗೂ ಯಾವ ಸಂಬಂಧವೂ ಬೇಡ.

ಎಷ್ಟು ತಾಮ್ರ ಅಪಾಯ? ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 2 ಮಿಲಿಗ್ರಾಂ. ತಾಮ್ರದ ಭಟ್ಟಿಯಲ್ಲೇ ಇಳಿಸುವ ಬ್ರೆಜಿಲ್ಲಿನ ಕಬ್ಬಿನ ಮದ್ಯ ಕಶಾಸಾಗೆ ಅಲ್ಲಿನ ಸರ್ಕಾರ ಇಟ್ಟಿರುವ ಮಿತಿ 5 ಮಿಲಿಗ್ರಾಂ. ಬರಿಗಣ್ಣಿಗೆ ನೀಲಿ ಕಾಣಿಸುತ್ತಿದೆ ಎಂದರೆ ಇವೆರಡನ್ನೂ ಎಷ್ಟೋ ಪಟ್ಟು ದಾಟಿದೆ. ವಾಕರಿಕೆ, ವಾಂತಿ, ಹೊಟ್ಟೆ ಕಿವುಚುವುದು ಇದರ ಲಕ್ಷಣಗಳು. ಹೆಚ್ಚಾಗಿ ಕುಡಿದರೆ, ಪದೇಪದೇ ಕುಡಿದರೆ ಯಕೃತ್ತು, ಮೂತ್ರಪಿಂಡಗಳ ಮೇಲೆ ಹೊರೆ.

ಹಾಗಾದರೆ ತಾಮ್ರವೇ ಬೇಡವೇ ಎಂದು ನೀವು ಕೇಳಬಹುದು. ಹಾಗೇನಿಲ್ಲ. ಸ್ಕಾಟ್ಲೆಂಡಿನ ವಿಸ್ಕಿ ಭಟ್ಟಿಗಳೂ ತಾಮ್ರದವೇ. ಕೊಳೆಯಲ್ಲಿ ಹುಟ್ಟುವ ಗಂಧಕದ ವಾಸನೆಗಳನ್ನು, ಅದೇ ಆ ಕೊಳೆತ ಮೊಟ್ಟೆ, ಬೆಂದ ಎಲೆಕೋಸಿನ ನಾತವನ್ನು, ತಾಮ್ರ ಹಿಡಿದುಕೊಳ್ಳುತ್ತದೆ. ಒಳಗೆ ಕಪ್ಪು ಪದರ ಕಟ್ಟಿ, ಕೆಲವೊಮ್ಮೆ ಕಪ್ಪು ಚೂರುಗಳಾಗಿ ಉದುರುವುದು ಅದರ ಫಲ. ಕಪ್ಪು ಕಂಡರೆ ಹೆದರುವವರು ಬಹಳ, ಹೆದರಬೇಕಾದದ್ದು ಹಸಿರಿಗೆ.

ಹಾಲಿನಂತಾದ ಬಾಟಲಿ

ಮೂರರಲ್ಲಿ ನೋಡಲು ಅತಿ ಕೆಟ್ಟದಾಗಿ ಕಾಣುವುದು ಇದು. ಕದಡಿದ್ದರ ಮಟ್ಟಿಗೆ ಹೇಳುವುದಾದರೆ ಅತಿ ನಿರುಪದ್ರವಿಯೂ ಇದೇ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ಬಹುಪಾಲು ಲಿಮೋನೀನ್. ಕಡು ಆಲ್ಕೋಹಾಲಿನಲ್ಲಿ ಅದು ಪೂರ್ತಿ ಕರಗಿರುತ್ತದೆ, ನೀರಿನಲ್ಲಿ ಕರಗುವುದಿಲ್ಲ. ನೀವು ನೀರು ಬೆರೆಸಿದ ಕ್ಷಣ ಎಣ್ಣೆಗೆ ನಿಲ್ಲಲು ನೆಲೆ ತಪ್ಪಿ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಬಿಡುತ್ತದೆ. ಮಡಿಕೇರಿ ಘಾಟಿಯ ಮಂಜಿನಲ್ಲಿ ಹೆಡ್‌ಲೈಟು ಹಾಕಿದರೆ ರಸ್ತೆ ಕಾಣದೆ ಬರೀ ಬಿಳಿ ಕಾಣುತ್ತದಲ್ಲ, ಅದೇ ಲೆಕ್ಕ: ಹನಿಗೆ ಬಣ್ಣವಿಲ್ಲ, ಬೆಳಕು ಚದುರಿ ಬಿಳಿಯಾಗಿ ಕಾಣುತ್ತದೆ. ಗ್ರೀಸಿನ ಊಜೊ, ಟರ್ಕಿಯ ರಾಕಿಗೆ ನೀರು ಹಾಕಿದಾಗ ಬಿಳಿಯಾಗುವುದೂ ಹೀಗೇ, ಅಲ್ಲಿ ಎಣ್ಣೆ ಸೋಂಪಿನ ಜಾತಿಯ ಮಸಾಲೆಯದು. ಏಲಕ್ಕಿ ಹಾಕಿದ್ದರೂ ಹೀಗೇ ಆಗುತ್ತಿತ್ತು.

ಸಿಪ್ಪೆ, ಮಸಾಲೆ ಏನೂ ಹಾಕದೆಯೂ ಕೆಲವರದು ಮಬ್ಬಾಗುತ್ತದೆ. ಇಳಿಕೆಯ ಕೊನೆಯ ಭಾಗದಲ್ಲಿ ಬರುವ ಫ್ಯೂಸೆಲ್ ಎಣ್ಣೆ ಎಂಬ ಭಾರದ ಆಲ್ಕೋಹಾಲುಗಳು, ಉದ್ದ ಸರಪಳಿಯ ಕೊಬ್ಬಿನಾಮ್ಲದ ಎಸ್ಟರುಗಳು ಇದಕ್ಕೆ ಕಾರಣ. ಒದ್ದೆ ರಟ್ಟಿನ ವಾಸನೆ, ಮೇಲೆ ಎಣ್ಣೆಯ ತೆಳು ಪೊರೆ ಇದ್ದರೆ ಅದೇ. ಆಲ್ಕೋಹಾಲು ಶೇ. 46ಕ್ಕಿಂತ ಕೆಳಗಿಳಿದು, ಮೇಲೆ ಚಳಿಯೂ ಸೇರಿದರೆ ಈ ಎಸ್ಟರುಗಳು ಕರಗಿ ನಿಲ್ಲಲಾರವು. ದೊಡ್ಡ ವಿಸ್ಕಿ ಕಂಪನಿಗಳು ಮದ್ಯವನ್ನು ತಣಿಸಿ ಸೋಸುವುದು ಈ ಕಾರಣಕ್ಕೆ. ಮಧ್ಯಾಹ್ನ ತಿಳಿಯಾಗಿದ್ದದ್ದು ಡಿಸೆಂಬರಿನ ಬೆಳಗಿನ ಚಳಿಗೆ ಮಬ್ಬಾಗಿ, ಬಿಸಿಲೇರಿದ ಮೇಲೆ ಮತ್ತೆ ತಿಳಿಯಾದರೆ ಗಾಬರಿಯಾಗುವಂಥದ್ದಲ್ಲ.

ಕಾರಣ ಎಣ್ಣೆಯೋ ನೀರೋ ಎಂದು ನೋಡುವುದು ಸುಲಭ. ಒಂದು ಲೋಟದಷ್ಟನ್ನು ತೆಗೆದು ಬಿಸಿನೀರಿನ ಪಾತ್ರೆಯಲ್ಲಿ, ಒಲೆಯಿಂದ ದೂರ, ಇಟ್ಟು ನೋಡಿ. ಬೆಚ್ಚಗಾದಂತೆ ತಿಳಿಯಾದರೆ ಎಸ್ಟರು, ಎಣ್ಣೆ. ಬದಲಾಗದಿದ್ದರೆ ನಿಂಬೆರಸದ ಕೆಲವು ಹನಿ ಹಾಕಿ. ಆಗ ತಿಳಿಯಾದರೆ ನೀರಿನ ಸುಣ್ಣದ ಅಂಶ. ಕೊಡಗಿನ ತೊರೆ, ತೆರೆದ ಬಾವಿಯ ನೀರು ಸಾಮಾನ್ಯವಾಗಿ ಮೃದು, ಸುಣ್ಣ ಕಡಿಮೆ. ಬೋರ್‌ವೆಲ್ಲಿನ ಮಾತು ಬೇರೆ, ಅದರಲ್ಲೂ ಕಬ್ಬಿಣ. ಕೆಲವು ಬೋರಿನ ನೀರು ಕೊಡದಲ್ಲಿ ಹಿಡಿದಾಗ ಸ್ಫಟಿಕದಂತಿದ್ದು ಸಂಜೆಗೆ ಕೆಂಪು ಬರುತ್ತದೆ, ಕರಗಿದ್ದ ಕಬ್ಬಿಣ ಗಾಳಿ ಸೋಕಿ ತುಕ್ಕಾಗುವುದರಿಂದ. ಅಂಥ ನೀರು ಬೆರೆತರೆ ಎರಡು ದಿನದಲ್ಲಿ ತಳದಲ್ಲಿ ಕಂದು ಮಡ್ಡಿ ಕೂರುತ್ತದೆ. ಮರದ ಪೀಪಾಯಿಯ ಒಗರು ಸೇರಿದ್ದರೆ ಅದು ಕಪ್ಪಿಗೂ ತಿರುಗುತ್ತದೆ.

ಹಾಲುಬಣ್ಣ ನಿರುಪದ್ರವಿ ಎಂದ ಮಾತ್ರಕ್ಕೆ ಬಾಟಲಿ ನಿರುಪದ್ರವಿ ಎಂದಾಗಲಿಲ್ಲ. ಅದೂ ಅದೇ ಸುರುಳಿ ಕೊಳವೆಯಿಂದ ಇಳಿದದ್ದು.

ಹಳದಿ ಬಾಟಲಿಯ ಕಥೆ ಚಿಕ್ಕದು. ಕಳಿತ ಬಾಳೆಹಣ್ಣಿನ ತಿರುಳು ಕೊಳೆಯಲ್ಲಿ ಹಾಗೇ ಇದ್ದು, ಪಾತ್ರೆ ತುಂಬ ತುಂಬಿ, ಬೆಂಕಿ ಜೋರಾದರೆ ನೊರೆ ಕತ್ತು ದಾಟಿ ಕೊಳವೆಗೆ ಉಕ್ಕುತ್ತದೆ. ಬಾಟಲಿಗೆ ಬಂದದ್ದು ಭಟ್ಟಿ ಇಳಿದ ಮದ್ಯದ ಜೊತೆ ಸ್ವಲ್ಪ ಕೊಳೆ. ಮಡ್ಡಿ ಸತ್ತ ಯೀಸ್ಟು ಮತ್ತು ಹಣ್ಣಿನ ನಾರು. ಕರಕಲು ವಾಸನೆಯೂ ಇದ್ದರೆ ತಳ ಹಿಡಿದಿದೆ. ಒಂದೇ ಒಂದು ವಿಷಯ ಪರೀಕ್ಷಿಸಿ: ಕೊಳವೆಯ ತುದಿಗೆ ತೋಟದ ಪ್ಲಾಸ್ಟಿಕ್ ಪೈಪಿನ ತುಂಡು, ರಬ್ಬರು ವಾಷರು ಏನಾದರೂ ಸಿಕ್ಕಿಸಿದ್ದಿರಾ? ಬಿಸಿ, ಕಡು ಆಲ್ಕೋಹಾಲು ಪಿವಿಸಿಯನ್ನು ಮೆದುವಾಗಿಸುವ ಥ್ಯಾಲೇಟ್‌ಗಳನ್ನು ಹೀರಿ ತರುತ್ತದೆ. ಆ ಹಳದಿ ತಳ ಸೇರುವುದಿಲ್ಲ, ಸೋಸಿದರೂ ಹೋಗುವುದಿಲ್ಲ.

ಬಣ್ಣವಿಲ್ಲದ ಎರಡು ವಿಷ

ನನಗೆ ಬರುವ ಪತ್ರಗಳೆಲ್ಲ ಬಣ್ಣದ ಬಗ್ಗೆಯೇ. ತಿಳಿಯಾಗಿ ಇಳಿದರೆ ಯಾರೂ ಬರೆಯುವುದಿಲ್ಲ. ಕುಡಿದವರ ಪ್ರಾಣ, ಕಣ್ಣು, ನರ ತೆಗೆಯುವ ಸೀಸ ಮತ್ತು ಮೆಥನಾಲ್ ಎರಡಕ್ಕೂ ಬಣ್ಣವೇ ಇಲ್ಲ.

ಸೀಸವನ್ನು ಮೊದಲು ನೋಡೋಣ, ಏಕೆಂದರೆ ನಿಮ್ಮ ಬಾಟಲಿಗಳಲ್ಲಿ ಇದರ ಅನುಮಾನವೇ ನನಗೆ ಹೆಚ್ಚು. ಹಳೆಯ ಕಾಲದ ಬೆಸುಗೆ, ಇಂದಿಗೂ ರೇಡಿಯೇಟರ್ ಅಂಗಡಿಗಳಲ್ಲಿ ಬಳಸುವ ಬೆಸುಗೆ, ಹೆಚ್ಚಾಗಿ ತವರ ಮತ್ತು ಸೀಸದ ಮಿಶ್ರಣ. ರಿಪೇರಿಯವರ ತಪ್ಪಲ್ಲ, ರೇಡಿಯೇಟರಿನ ನೀರನ್ನು ಯಾರೂ ಕುಡಿಯುವುದಿಲ್ಲವಲ್ಲ. ಆದರೆ ಬಿಸಿಯಾದ, ಹುಳಿ ಅಂಶವಿರುವ ಆಲ್ಕೋಹಾಲು ಆ ಬೆಸುಗೆಯ ಮೇಲೆ ಹರಿದರೆ ಸೀಸ ಕರಗುತ್ತದೆ. ಅಸಿಟಿಕ್ ಆಮ್ಲದ ಜೊತೆ ಅದು ಕೊಡುವ ಲವಣ ತಿಳಿ, ರುಚಿ ಸಿಹಿ. ಈ ಪಾಠ ಹೊಸದೇನಲ್ಲ. 1723ರಲ್ಲೇ ಅಮೆರಿಕದ ಮ್ಯಾಸಚೂಸೆಟ್ಸ್ ಬೇ ವಸಾಹತು ರಮ್ ಇಳಿಸುವ ಭಟ್ಟಿಗಳಲ್ಲಿ ಸೀಸದ ಮುಚ್ಚಳ, ಸೀಸದ ಕೊಳವೆ ಬಳಸಬಾರದೆಂದು ಕಾನೂನು ಮಾಡಿತ್ತು. ಅದೇ ದೇಶದಲ್ಲಿ ಆಮೇಲೆ ಕಳ್ಳಭಟ್ಟಿಯವರು ಲಾರಿ, ಕಾರುಗಳ ಹಳೆಯ ರೇಡಿಯೇಟರನ್ನೇ ತಣಿಸುವ ಕೊಳವೆಯಾಗಿ ಬಳಸಿ, ಕುಡಿದವರಿಗೆ ಸೀಸದ ವಿಷ ಏರಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿ ಬೇಕಾದಷ್ಟಿವೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಸೀಸಕ್ಕೆ ಇಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ತಾಮ್ರಕ್ಕೆ ಅದೇ ಮಾನದಂಡ ಗರಿಷ್ಠ 1.5ರವರೆಗೆ ಬಿಡುತ್ತದೆ. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಸಲ ಕುಡಿದರೆ ಏನೂ ತಿಳಿಯುವುದಿಲ್ಲ. ಸೀಸ ಎಲುಬಿನಲ್ಲಿ ಸೇರಿಕೊಂಡು ವರ್ಷಗಟ್ಟಲೆ ಕೂರುತ್ತದೆ, ನರ, ಮೂತ್ರಪಿಂಡ, ರಕ್ತ ಮೂರನ್ನೂ ಕೆಡಿಸುತ್ತದೆ.

ಮೆಥನಾಲ್ ವಿಷಯದಲ್ಲಿ ಭಯವೂ ತಪ್ಪು ತಿಳಿವಳಿಕೆಯೂ ಸಮಸಮ. ಹಣ್ಣಿನ ಸಿಪ್ಪೆ, ತಿರುಳಿನ ಪೆಕ್ಟಿನ್ ಒಡೆದಾಗ ಅದು ಹುಟ್ಟುತ್ತದೆ. ಬರೀ ಬೆಲ್ಲದ ಕೊಳೆಯಲ್ಲಿ ನಗಣ್ಯ, ಬಾಳೆಹಣ್ಣು, ಕಿತ್ತಳೆ ಸಿಪ್ಪೆ ಇದ್ದರೆ ಸ್ವಲ್ಪ ಹೆಚ್ಚು. ಆದರೂ ಸಾಮೂಹಿಕ ಸಾವುಗಳನ್ನು ತಂದದ್ದು ಕೊಳೆಯಲ್ಲಿ ಹುಟ್ಟಿದ ಮೆಥನಾಲ್ ಅಲ್ಲ, ಹೊರಗಿನಿಂದ ತಂದು ಬೆರೆಸಿದ ಕಾರ್ಖಾನೆಯ ಮೆಥನಾಲ್. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತದ್ದು, ಕರ್ನಾಟಕದಲ್ಲಿ 2007ರ ಜುಲೈಯಿಂದ ಸಾರಾಯಿ ನಿಷೇಧವಾದ ಮರುವರ್ಷ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಯಲ್ಲಿ 150ಕ್ಕೂ ಹೆಚ್ಚು ಜನ ಸತ್ತದ್ದು, 2024ರ ಜೂನಿನಲ್ಲಿ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತದ್ದು, ಎಲ್ಲವೂ ಇಂಥ ಮಿಶ್ರಣದಿಂದ. ಆ ಮದ್ಯವೂ ನೋಡಲು ತಿಳಿಯಾಗಿಯೇ ಇದ್ದೀತು.

‘ಮೊದಲ ಲೋಟ ಚೆಲ್ಲಿದರೆ ಮೆಥನಾಲ್ ಹೋಯಿತು’ ಎಂಬ ಮಾತು ಅರ್ಧ ಸತ್ಯ. ಮೆಥನಾಲ್ ಕುದಿಯುವುದು 64.7 ಡಿಗ್ರಿಯಲ್ಲಿ, ಎಥನಾಲ್ 78.4ರಲ್ಲಿ. ಲೆಕ್ಕದ ಪ್ರಕಾರ ಮೊದಲೇ ಬರಬೇಕು. ನೀರು ಬೆರೆತ ಕೊಳೆಯಲ್ಲಿ ಅದು ಹಾಗೆ ಸಾಲಾಗಿ ಬರುವುದಿಲ್ಲ, ಇಳಿಕೆಯ ಉದ್ದಕ್ಕೂ ಸ್ವಲ್ಪಸ್ವಲ್ಪ ಹಂಚಿಕೊಂಡು ಬರುತ್ತದೆ. ಮೊದಲ ಭಾಗ ಚೆಲ್ಲಿದರೆ ಮುಖ್ಯವಾಗಿ ಹೋಗುವುದು ಅಸಿಟಾಲ್ಡಿಹೈಡ್, ಈಥೈಲ್ ಅಸಿಟೇಟುಗಳಂಥ ಮೂಗು ಚುಚ್ಚುವ ವಸ್ತುಗಳು.

ಯಾರೇ ಆಗಲಿ, ಎಲ್ಲಿಯೇ ಆಗಲಿ, ಕುಡಿದು 12ರಿಂದ 24 ಗಂಟೆಯ ನಂತರ ಕಣ್ಣು ಮಂಜಾದರೆ, ಎದುರಿಗೆಲ್ಲ ಬಿಳಿ ಹಿಮ ಸುರಿದಂತೆ ಕಂಡರೆ, ಉಸಿರು ಆಳವಾಗಿ ವೇಗವಾಗಿ ಏಳತೊಡಗಿದರೆ, ಹ್ಯಾಂಗೋವರ್ ಎಂದು ಮಲಗಿಸಬೇಡಿ. ಮೆಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಲು ಅಷ್ಟು ಹೊತ್ತು ಬೇಕು, ಅಲ್ಲಿಯವರೆಗೆ ಮನುಷ್ಯ ಚೆನ್ನಾಗಿಯೇ ಇರುತ್ತಾನೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಒಯ್ಯಿರಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ, ಮುಚ್ಚುಮರೆ ಮಾಡದೆ ಹೇಳಿ. ಫೋಮೆಪಿಜೋಲ್ ಎಂಬ ಪ್ರತಿವಿಷ ಅಥವಾ ವೈದ್ಯರ ಕೈಯಲ್ಲಿ ಅಳತೆಯ ಎಥನಾಲ್, ಜೊತೆಗೆ ಡಯಾಲಿಸಿಸ್, ಬೇಗ ಸಿಕ್ಕರೆ ಕಣ್ಣೂ ಪ್ರಾಣವೂ ಉಳಿಯುತ್ತವೆ.

ಚಮಚದ ಉರಿ, ಪಟಿಕ, ಇದ್ದಿಲು

ಉರಿಯ ಪರೀಕ್ಷೆ ಹೇಳುವುದು ಒಂದೇ ಸಂಗತಿ: ಹತ್ತಿಕೊಳ್ಳುವಷ್ಟು ಆಲ್ಕೋಹಾಲು ಇದೆ. ಎಥನಾಲ್ ನೀಲಿಯಾಗಿ ಉರಿಯುತ್ತದೆ, ಮೆಥನಾಲ್ ಅದಕ್ಕಿಂತ ಮಸುಕು ನೀಲಿ, ಬೆಳಕಿನಲ್ಲಿ ಕಾಣುವುದೇ ಇಲ್ಲ. ಸೀಸ ಇದ್ದರೆ ಕೆಂಪು ಉರಿ ಬರುತ್ತದೆ ಎಂಬುದು ಸಮುದ್ರದಾಚೆಯಿಂದ ಬಂದ ಕಟ್ಟುಕಥೆ. ಆರೋಗ್ಯ ಕೆಡಿಸುವ ಪ್ರಮಾಣದ ಸೀಸ ಉರಿಯಲ್ಲಿ ತೋರುವುದೇ ಇಲ್ಲ.

ಪಟಿಕ ನೀರಿನಲ್ಲಿ ತೇಲುವ ಮಣ್ಣಿನ ಕಣಗಳನ್ನು ಗಂಟುಕಟ್ಟಿಸಿ ತಳಕ್ಕೆ ಇಳಿಸುತ್ತದೆ, ಅದು ಅದರ ಕೆಲಸ. ಕರಗಿದ ತಾಮ್ರ, ಸೀಸ, ಮೆಥನಾಲ್ ಮೂರೂ ಅದಕ್ಕೆ ಸಿಗುವುದಿಲ್ಲ. ಹಳದಿ ಬಾಟಲಿಗೆ ಪಟಿಕ ಹಾಕಿದರೆ ಮಡ್ಡಿ ಕೂತು ಮೇಲೆ ಚೆಂದದ ತಿಳಿ ಬರಬಹುದು, ಅದೇ ನನಗೆ ಹೆಚ್ಚು ಭಯ: ಕೆಟ್ಟದ್ದು ಹಾಗೇ ಉಳಿದು, ಕೆಟ್ಟಿದೆ ಎಂದು ಹೇಳುತ್ತಿದ್ದ ಗುರುತು ಮಾತ್ರ ಅಳಿಸಿಹೋಯಿತು. ಇದ್ದಿಲೂ ಅಷ್ಟೇ. ಕಾರ್ಖಾನೆಯ ಸಕ್ರಿಯ ಇದ್ದಿಲು ಫ್ಯೂಸೆಲ್ ವಾಸನೆಯನ್ನು ಸ್ವಲ್ಪ ಹೀರುತ್ತದೆ, ಮೆಥನಾಲನ್ನು ಬಿಟ್ಟುಬಿಡುತ್ತದೆ. ಒಲೆಯ ಇದ್ದಿಲಿನಿಂದ ಬೂದಿಯ ಕ್ಷಾರವನ್ನು ಸೇರಿಸಿದಂತಾಗುತ್ತದೆ ಅಷ್ಟೆ.

ಮತ್ತೊಮ್ಮೆ ಭಟ್ಟಿ ಇಳಿಸುವುದು? ರಸಾಯನಶಾಸ್ತ್ರದ ಮಟ್ಟಿಗೆ ಹೇಳುವುದಾದರೆ ತಾಮ್ರ, ಸೀಸ, ಕಬ್ಬಿಣ, ಹಳದಿ ಬಣ್ಣ ಎಲ್ಲ ಪಾತ್ರೆಯ ತಳದಲ್ಲೇ ಉಳಿಯುತ್ತವೆ. ಆದರೆ ಆವಿ ತಣಿಯುವುದು ಅದೇ ಕೊಳವೆಯಲ್ಲಿ, ಅದೇ ಬೆಸುಗೆಯ ಮೇಲೆ. ಅದರ ಜೊತೆ ಬೆಂಕಿಯ ಅಪಾಯ. ಕೊಳೆಯಲ್ಲಿ ಆಲ್ಕೋಹಾಲು ಕಡಿಮೆ, ಇಳಿದ ಮದ್ಯದಲ್ಲಿ ಹಾಗಲ್ಲ. ಶೇ. 40ರ ಮದ್ಯದ ಆವಿ ಸುಮಾರು 26 ಡಿಗ್ರಿಯಲ್ಲೇ ಕಿಡಿ ಸೋಕಿದರೆ ಹತ್ತಿಕೊಳ್ಳುತ್ತದೆ. ಗಾಳಿಯಲ್ಲಿ ಎಥನಾಲ್ ಆವಿ ಶೇ. 3ಕ್ಕಿಂತ ಸ್ವಲ್ಪ ಹೆಚ್ಚಾದರೆ ಸಾಕು, ಸ್ಫೋಟ. ಸೋರುವ ಕೀಲು, ಕೆಳಗೆ ಸೌದೆ ಒಲೆ, ಹಿಂದೆ ಹಂಚಿನ ಮನೆ. ಲೈಸೆನ್ಸ್ ಇರುವ ಡಿಸ್ಟಿಲರಿಗಳಲ್ಲೂ ನಾವು ಹೆದರುತ್ತಿದ್ದದ್ದು ವಿಷಕ್ಕಿಂತ ಬೆಂಕಿಗೆ. ಇದನ್ನು ಮಾಡಬೇಡಿ.

ಪಾತ್ರೆಯನ್ನು ಏನು ಮಾಡುವುದು

ಅಜ್ಜನ ತಾಮ್ರವನ್ನು ಗುಜರಿಗೆ ಹಾಕಿ ಎಂದು ನಾನು ಹೇಳುವುದಿಲ್ಲ. ನಿಂಬೆಹುಲ್ಲು, ಕಿತ್ತಳೆ ಸಿಪ್ಪೆ, ನೀಲಗಿರಿ ಎಲೆಯ ಸುಗಂಧ ಎಣ್ಣೆ ಇಳಿಸಲು ಅದೇ ಪಾತ್ರೆ ಬರುತ್ತದೆ, ಅಲ್ಲಿ ಹುದುಗೂ ಇಲ್ಲ, ಮದ್ಯವೂ ಇಲ್ಲ. ಆಗ ಇಳಿಯುವ ನೀರು ಹಾಲಿನಂತೆ ಕಂಡರೆ ಸಂತೋಷಪಡಿ, ಎಣ್ಣೆ ಬರುತ್ತಿದೆ ಎಂದರ್ಥ. ನೀಲಿ ಕಂಡರೆ ಇಲ್ಲಿಯೂ ಕೊಳವೆ ತೊಳೆದಿಲ್ಲವೆಂದೇ ಲೆಕ್ಕ.

ಅದಕ್ಕೂ ಮೊದಲು ಬೆಸುಗೆ. ಅದರ ಮೇಲೆ ಉಗುರಿನಿಂದ ಗೀರಿ ನೋಡಿ. ಮೆದುವಾಗಿ ಗೀರು ಬಿದ್ದು, ಕಾಗದದ ಮೇಲೆ ಉಜ್ಜಿದರೆ ಬೂದು ಗೆರೆ ಮೂಡಿದರೆ ಸೀಸ ಎಂದೇ ಇಟ್ಟುಕೊಳ್ಳಿ. ಗೆರೆ ಮೂಡಲಿಲ್ಲ ಎಂದ ಮಾತ್ರಕ್ಕೆ ಸೀಸ ಇಲ್ಲ ಎಂದಲ್ಲ. ಖಚಿತಕ್ಕೆ ಹೀಗೆ ಮಾಡಿ: ಸುರುಳಿ ಕೊಳವೆಯ ಒಂದು ಬಾಯಿ ಮುಚ್ಚಿ, ನೀರಿಗೆ ಬಿಳಿ ವಿನೆಗರ್ ಬೆರೆಸಿ ತುಂಬಿ, ಒಂದು ರಾತ್ರಿ ಇಡಿ. ಬೆಳಿಗ್ಗೆ ಆ ನೀರನ್ನು ಶುದ್ಧ ಪ್ಲಾಸ್ಟಿಕ್ ಬಾಟಲಿಗೆ ಹಿಡಿದು, ಎನ್‌ಎಬಿಎಲ್ ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಸೀಸ ಮತ್ತು ತಾಮ್ರದ ಪರೀಕ್ಷೆಗೆ ಕೊಡಿ. ಕೊಡುತ್ತಿರುವುದು ವಿನೆಗರ್ ನೀರು, ಮುಜುಗರವೇನಿಲ್ಲ. ಕೊಳವೆಗೆ ತುಂಬುವ ಮುಂಚಿನ ಬರೀ ವಿನೆಗರ್ ನೀರಿನ ಒಂದು ಬಾಟಲಿಯನ್ನೂ ಹೋಲಿಕೆಗೆ ಕೊಡಿ, ಇಲ್ಲದಿದ್ದರೆ ನಿಮ್ಮ ಬೋರಿನ ಕಬ್ಬಿಣ, ನಲ್ಲಿಯ ಹಿತ್ತಾಳೆ ಎಲ್ಲ ಸೇರಿ ಅಂಕಿ ಗೊಂದಲವಾಗುತ್ತದೆ. ಕೊಳವೆಯ ನೀರಿನಲ್ಲಿ ಸೀಸ ಎದ್ದು ಕಂಡರೆ ಬೆಸುಗೆಯನ್ನು ಕೆರೆದು ಮತ್ತೆ ಹಾಕಿಸುವ ತೇಪೆ ಕೆಲಸ ಬೇಡ. ಸುರುಳಿಯನ್ನೇ ತೆಗೆದು ಸ್ಟೇನ್‌ಲೆಸ್ ಸ್ಟೀಲಿನದು ಹಾಕಿ. ಪಾತ್ರೆಯ ಹೊಟ್ಟೆ ತಾಮ್ರವೇ ಇರಲಿ. ಮುಚ್ಚಳದ ಕೀಲಿಗೆ ಬೆಸುಗೆ ಬೇಕೇ ಬೇಕಾದರೆ ತವರ–ಬೆಳ್ಳಿಯ, ಸೀಸವಿಲ್ಲದ ತಂತಿಯನ್ನು ನೀವೇ ಕೊಂಡು ಕೊಡಿ. ಅಂಗಡಿಯವರ ಡಬ್ಬಿಯಲ್ಲಿರುವುದನ್ನು ನಂಬಬೇಡಿ.

ಮೂರು ಬಾಟಲಿಗಳನ್ನು ತೋಡಿಗೆ ಸುರಿಯಬೇಡಿ, ತಾಮ್ರ ಮೀನಿಗೂ ಬಸವನಹುಳಕ್ಕೂ ವಿಷ. ಒಲೆ, ಬೀಡಿ, ವಿದ್ಯುತ್ ಕಿಡಿ ಯಾವುದೂ ಇಲ್ಲದ ಬಯಲಿನಲ್ಲಿ, ಬಕೆಟ್ಟಿನಲ್ಲಿ ಹತ್ತರಷ್ಟು ನೀರು ಬೆರೆಸಿ, ತಿಳಿಸುಣ್ಣ ಹಾಕಿ ಕಲಕಿ. ಬೋರ್ಡೋ ಮಾಡುವಾಗ ಆಗುವಂತೆ ತಾಮ್ರ ಸುಣ್ಣದ ಜೊತೆ ಸೇರಿ ನೀಲಿ ಗಸಿಯಾಗಿ ಕೂರುತ್ತದೆ, ಸೀಸದ ಬಹುಪಾಲೂ ಅದರೊಂದಿಗೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಬಾವಿ, ತರಕಾರಿ ಮಡಿ, ದನ ಓಡಾಡುವ ಜಾಗ ಬಿಟ್ಟು ಖಾಲಿ ನೆಲಕ್ಕೆ ಹಾಕಿ. ತಳದ ಗಸಿ ಒಣಗಿದ ಮೇಲೆ ಮುಚ್ಚಳವಿರುವ ಡಬ್ಬಿಯಲ್ಲಿ ಕಟ್ಟಿ, ಮೇಲೆ ‘ಸೀಸ’ ಎಂದು ಬರೆದು, ಮಕ್ಕಳ ಕೈಗೆ ಸಿಗದಂತೆ ಔಷಧಿ ಡಬ್ಬಗಳ ಜೊತೆ ಇಡಿ. ಆ ಗಸಿಯನ್ನು ಮಾತ್ರ ಮೆಣಸಿನ ಬಳ್ಳಿಗೆ ಹೊಡೆಯುವ ಬೋರ್ಡೋಗೆ ಬೆರೆಸಬೇಡಿ.